ಎಂಟರಿಂದ ಒಂದಕ್ಕೆ ಇಳಿದ ದೀಪಗಳು

ದೀಪ ಹಚ್ಚುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಇದು ಜಂಬವಲ್ಲ, ದಾಖಲೆ. ಬಹ್ರೈನಿನ ನಮ್ಮ ಕನ್ನಡ ಬಳಗದ ದೀಪಾವಳಿಗೆ ಸತತ ಒಂಬತ್ತು ವರ್ಷ ದೀಪಾಲಂಕಾರ ಸಮಿತಿಯ ಸಂಚಾಲಕನಾಗಿದ್ದವನು ನಾನು, ಕಾಪುವಿನ ಹರಿನಾಥ. ಈ ಒಂಬತ್ತು ವರ್ಷಗಳಲ್ಲಿ ಒಂದೇ ಒಂದು ಸಲ ಅಧ್ಯಕ್ಷರ ಶಾಲಿಗೆ ಬೆಂಕಿ ತಗುಲಿತು. ಅದರಲ್ಲಿ ತಪ್ಪು ಶಾಲಿನದು. ಏರ್ ಕಂಡೀಷನರ್ ಕಂಪೆನಿಯ ಖರೀದಿ ವಿಭಾಗ ನನ್ನ ಹೊಟ್ಟೆಪಾಡು, ದೀಪ ನನ್ನ ವಿದ್ಯೆ. ಈ ವಿದ್ಯೆಯ ಬಗ್ಗೆ ನನ್ನ ಹೆಂಡತಿ ಲೀಲಾಕ್ಷಿ ಬೇರೆಯೇ ಅಭಿಪ್ರಾಯ ಇಟ್ಟುಕೊಂಡಿದ್ದಾಳೆ. ಅದನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ.

೨೦೧೪ರ ಡಿಸೆಂಬರ್ ಹದಿನಾರು, ಮಂಗಳವಾರ. ಬಹ್ರೈನಿನ ರಾಷ್ಟ್ರೀಯ ದಿನ. ಊರಿಗೆಲ್ಲ ರಜೆ, ಊರಿಗೆಲ್ಲ ಕೆಂಪು ಬಿಳಿ ದೀಪ. ಮಾಹೂಝಿನ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ನಾನು ಬೆಳಗಿನ ಚಹಾ ಕುಡಿಯುತ್ತಿರುವಾಗ ಎದುರು ಮನೆಯಿಂದ ಧಡಾರ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಎಸ್ತರ್ ಆಂಟಿ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ತೊಡೆಯ ಎಲುಬು ಮುರಿದಿತ್ತು.

ಎಸ್ತರ್ ಆಂಟಿ ಯಾರೆಂದು ಹೇಳಬೇಕು. ಅಜ್ಜನ ಕಾಲದಲ್ಲಿ ಬಾಗ್ದಾದಿನಿಂದ ಬಂದು ಮನಾಮಾದಲ್ಲಿ ನೆಲೆಸಿದ ಯಹೂದಿ ಮನೆತನ ಅವರದು. ವಯಸ್ಸು ಎಪ್ಪತ್ನಾಲ್ಕು. ಹುಡುಗಿಯಾಗಿದ್ದಾಗ ಬೊಂಬಾಯಿಯ ಸೋದರಮಾವನ ಮನೆಯಲ್ಲಿದ್ದು ಓದಿದ್ದರಿಂದ ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಾರೆ. ನಾವಾಡಿದ್ದೆಲ್ಲ ಹಿಂದಿಯಲ್ಲೇ, ಇಲ್ಲಿ ನಾನು ಬರೆಯುತ್ತಿರುವುದು ಮಾತ್ರ ಕನ್ನಡದಲ್ಲಿ. ಹದಿನಾಲ್ಕು ವರ್ಷಗಳ ಹಿಂದೆ ನಾವು ಇಲ್ಲಿಗೆ ಬಂದ ಹೊಸತರಲ್ಲಿ, ನನ್ನ ಅಮ್ಮನ ವೀಸಾ ಆಗುವ ಮೊದಲೇ ಮಗಳು ಸುಪ್ರೀತಾ ಅವಸರ ಮಾಡಿ ಹುಟ್ಟಿಬಿಟ್ಟಳು. ಆಗ ನಲವತ್ತು ದಿನ ಲೀಲಾಕ್ಷಿಯ ಬಾಣಂತನ ಮಾಡಿದವರು ಎಸ್ತರ್ ಆಂಟಿ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದ್ದು ಅವರು, ನನಗೆ ಬೈದು ಊಟ ಹಾಕಿದ್ದೂ ಅವರೇ. ಆ ಉಪಕಾರವನ್ನು ಒಂದಿಷ್ಟಾದರೂ ತೀರಿಸುವ ದಾರಿಯನ್ನು ನಾನು ಅಂದಿನಿಂದಲೂ ಹುಡುಕುತ್ತಿದ್ದೆ.

ಆಂಬುಲೆನ್ಸಿನ ಸ್ಟ್ರೆಚರಿನ ಮೇಲೆ ಮಲಗಿಸಿದಾಗ ನೋವಿನಲ್ಲೂ ಆಂಟಿ ನನ್ನ ತೋಳು ಹಿಡಿದುಕೊಂಡರು.

"ಹರಿ, ಇವತ್ತು ಸಂಜೆಯಿಂದ ನಮ್ಮ ಹನುಕ್ಕಾ. ಎಂಟು ದಿನದ ದೀಪದ ಹಬ್ಬ. ನನ್ನ ಕಿಟಕಿಯಲ್ಲಿ ದೀಪ ಕಾಣಬೇಕು. ಎದುರಿನ ಕಟ್ಟಡದಲ್ಲಿ ರೋಜಿ ನೋಡುತ್ತಾ ಕೂತಿರುತ್ತಾಳೆ."

ರೋಜಿ ಎಂದರೆ ಎಸ್ತರ್ ಆಂಟಿಯ ಗಂಡನ ಅಕ್ಕ. ಎಂಬತ್ತೆರಡು ವರ್ಷ. ಮಂಡಿ ಹೋಗಿ ಮೂರು ವರ್ಷಗಳಿಂದ ಮನೆಯ ಹೊಸಿಲು ದಾಟಿಲ್ಲ. ಹೃದಯ ದುರ್ಬಲ; ನಾಲಿಗೆ ಗಟ್ಟಿ, ಅರಬ್ಬಿಯಲ್ಲೂ ಹಿಂದಿಯಲ್ಲೂ. ನಮ್ಮ ಓಣಿಯ ಆಚೆ ಬದಿಯ ಎರಡನೇ ಮಹಡಿಯಲ್ಲಿ ಅವರ ವಾಸ.

"ನಾನು ಬಿದ್ದದ್ದು ಅವಳಿಗೆ ಗೊತ್ತಾಗಕೂಡದು. ಗೊತ್ತಾದರೆ ಅವಳ ಹೃದಯ ತಡೆಯುವುದಿಲ್ಲ. ನಮ್ಮ ಬೇರೆ ನೆಂಟರೆಲ್ಲ ರಜೆಗೆ ಹೊರಗೆ ಹೋಗಿದ್ದಾರೆ. ನೀನು ಹಚ್ಚಿದರೆ ಶಾಸ್ತ್ರಕ್ಕೆ ಸಲ್ಲುತ್ತದೋ ಇಲ್ಲವೋ, ಕಿಟಕಿ ಕತ್ತಲಿರಬಾರದು. ಕೇಳು, ಇವತ್ತು ಮೊದಲನೇ ದಿನ, ಹಾಗಾಗಿ..."

"ಆಂಟಿ, ದೀಪದ ವಿಷಯ ನನಗೆ ಬಿಟ್ಟುಬಿಡಿ."

"ಪೂರ್ತಿ ಕೇಳು ಮಾರಾಯ. ಮೊದಲನೇ ದಿನ..."

"ಮಾಫಿ ಮುಷ್ಕಿಲ್," ಅಂದರೆ ಏನೂ ತೊಂದರೆಯಿಲ್ಲ ಎಂದು, ನನಗೆ ಬರುವ ಅರಬ್ಬಿಯಲ್ಲಿ ಅರ್ಧದಷ್ಟನ್ನು ಒಂದೇ ಉಸಿರಿಗೆ ಖರ್ಚು ಮಾಡಿ, ಆಂಬುಲೆನ್ಸಿನ ಬಾಗಿಲನ್ನು ನಾನೇ ಮುಚ್ಚಿದೆ. ಒಂಬತ್ತು ವರ್ಷದ ಸಂಚಾಲಕನಿಗೆ ಎಲುಬು ಮುರಿದವರು ದೀಪದ ಪಾಠ ಮಾಡುವುದು ನನಗೆ ಸರಿ ಕಾಣಲಿಲ್ಲ.

ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದ ನರ್ಸ್ ಬಜ್ಪೆಯ ಕ್ಲೊಟಿಲ್ಡಾ ಬಾಯಿ. ಫಾರಂ ಹಿಡಿದು ಕೇಳಿದರು:

"ನೀವು ಪೇಷಂಟಿಗೆ ಎಂತ ಆಗ್ಬೇಕು?"

"ಎದುರು ಮನೆ."

"ಎದುರು ಮನೆ ಅಂತ ಇದ್ರಲ್ಲಿ ಕಾಲಂ ಇಲ್ಲ ಮಾರಾಯ್ರೆ. ಗಂಡ, ಮಗ, ಅಣ್ಣ, ತಮ್ಮ. ಯಾವುದು ಬೇಕು ಹೇಳಿ."

ಆಂಟಿ ಸ್ಟ್ರೆಚರಿನಿಂದಲೇ "ಮಗ" ಎಂದರು. ಕ್ಲೊಟಿಲ್ಡಾ ಬರೆದುಕೊಂಡರು. ಹಾಗೆ ನಾನು ನಲವತ್ತೇಳನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಮಗನಾದೆ. ಅರ್ಧ ಗಂಟೆಯ ಮೇಲೆ ಬಂದ ಬಹ್ರೈನಿ ಡಾಕ್ಟರು ಅರಬ್ಬಿಯಲ್ಲಿ ಏನೇನೋ ವಿವರಿಸಿದರು, ನಾನು ತಲೆಯಾಡಿಸಿದೆ. ತಾಯಿಯ ಭಾಷೆ ಮಗನಿಗೇಕೆ ಬರುವುದಿಲ್ಲವೆಂದು ಅವರು ಕ್ಲೊಟಿಲ್ಡಾರನ್ನು ಕೇಳಿದರಂತೆ. "ಸಣ್ಣದಿರುವಾಗ ಶಾಲೆಗೆ ಊರಿಗೆ ಕಳ್ಸಿದ್ರು ಅಂತ ಹೇಳಿಬಿಟ್ಟೆ. ಇನ್ನು ನೀವುಂಟು, ನಿಮ್ಮ ಊರುಂಟು," ಎಂದರು ಆಕೆ.

ಸಂಜೆ ನಾಲ್ಕೂವರೆಗೆ ನಾನು ಎಸ್ತರ್ ಆಂಟಿಯ ಮನೆಯ ಬೀಗ ತೆಗೆದೆ. ಹಿಂದೆ ಲೀಲಾಕ್ಷಿ, ಅವಳ ಹಿಂದೆ ಮೊಬೈಲ್ ಹಿಡಿದ ಸುಪ್ರೀತಾ. ಕಿಟಕಿಯ ಕಟ್ಟೆಯ ಮೇಲೆ ಹಿತ್ತಾಳೆಯ ದೀಪ ಇತ್ತು. ಒಂದೇ ಸಾಲಿನಲ್ಲಿ ಎಂಟು ಪುಟ್ಟ ಬಟ್ಟಲು, ಅವಕ್ಕಿಂತ ಸ್ವಲ್ಪ ಎತ್ತರದಲ್ಲಿ ಒಂಬತ್ತನೆಯದು. ಪಕ್ಕದಲ್ಲಿ ಆಲಿವ್ ಎಣ್ಣೆಯ ಬಾಟಲಿ ಮತ್ತು ಬತ್ತಿ. ಬತ್ತಿಗಳನ್ನು ಎಣಿಸಿದರೆ ಎರಡೇ ಎರಡು.

"ಪಾಪ, ಗಡಿಬಿಡಿಯಲ್ಲಿ ಎರಡೇ ತೆಗೆದಿಟ್ಟಿದ್ದಾರೆ," ಎಂದೆ.

"ಅಪ್ಪಾ, ಐ ಥಿಂಕ್ ಇಟ್ಸ್ ಒನ್ ಪರ್ ಡೇ," ಎಂದಳು ಸುಪ್ರೀತಾ. "ಗೂಗಲ್‌ನಲ್ಲಿ ಇದೆ. ಹಿಂದೆ ಅವರ ದೇವಸ್ಥಾನದಲ್ಲಿ ಒಂದು ದಿನಕ್ಕೆ ಸಾಕಾಗುವಷ್ಟೇ ಎಣ್ಣೆ ಇತ್ತಂತೆ, ಅದು ಎಂಟು ದಿನ ಉರೀತಂತೆ. ಸೋ..."

"ನೋಡು, ಎಂಟು ಬಟ್ಟಲಿನ ದೀಪದಲ್ಲಿ ಏಳನ್ನು ಒಣಗಲು ಬಿಡುವುದು ಯಾವ ದೇವರಿಗೂ ಹಿಡಿಸುವುದಿಲ್ಲ. ಅದನ್ನು ಜಿಪುಣತನ ಅಂತಾರೆ. ನಮ್ಮ ಮನೆಯ ಐದು ಬತ್ತಿಯ ದೀಪಕ್ಕೆ ಒಂದು ಬತ್ತಿ ಹಾಕಿ ಬಿಟ್ಟರೆ ನಿನ್ನ ಅಜ್ಜಿ ಏನು ಹೇಳುತ್ತಿದ್ದರು?"

"ಮತ್ತೆ ಎಣ್ಣೆಯಲ್ಲಿ ಕರಿದದ್ದು ತಿನ್ನಬೇಕಂತೆ," ಎಂದು ಓದಿದಳು ಮಗಳು. ಇದೊಂದು ವಿಷಯದಲ್ಲಿ ಗೂಗಲ್ ಹೇಳಿದ್ದು ನನಗೆ ತಕ್ಷಣ ಒಪ್ಪಿಗೆಯಾಯಿತು. ಲೀಲಾಕ್ಷಿ ಗೋಳಿಬಜೆ ಕರಿಯಲು ಹೋದಳು. ನಾನು ಮನೆಯಿಂದ ಬತ್ತಿ ತಂದು ಎಂಟಕ್ಕೆ ಎಂಟನ್ನೂ, ಮೇಲಿನ ಒಂದನ್ನೂ ಹಚ್ಚಿದೆ. ಒಂದು ದಾಸವಾಳದ ಹೂವನ್ನೂ ಇಟ್ಟೆ. ಕಿಟಕಿ ಝಗಝಗ ಹೊಳೆಯಿತು. ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದವರು ರಾಷ್ಟ್ರೀಯ ದಿನದ ಅಲಂಕಾರವೆಂದುಕೊಂಡು ಫೋಟೋ ತೆಗೆದರು. ನನಗೆ ಬಹಳ ಸಂತೋಷವಾಯಿತು.

ಸಂತೋಷ ಹತ್ತು ನಿಮಿಷ ಬಾಳಿತು. ಬಾಗಿಲು ಬಡಿದ ಸದ್ದಿಗೆ ತೆರೆದರೆ ರುಖಿಯಾ. ರೋಜಿ ಅಜ್ಜಿಯ ಮನೆಯಲ್ಲಿ ಅವರನ್ನು ನೋಡಿಕೊಳ್ಳುವ ಉಳ್ಳಾಲದ ಬ್ಯಾರಿ ಹೆಂಗಸು. ಏದುಸಿರು ಬಿಡುತ್ತಿದ್ದಳು.

"ಎಸ್ತರಮ್ಮ ಎಲ್ಲಿ? ಎಂಟನೇ ದಿನದ ದೀಪ ಇವತ್ತೇ ಯಾಕೆ ಅಂತ ಅಜ್ಜಿ ಕೇಳ್ತಾ ಇದ್ದಾರೆ. ಒಂದೊಂದು ದಿನಕ್ಕೆ ಒಂದೊಂದು ಅಂತೆ ಅಲ್ವಾ? ನಾಳೆಯಿಂದ ಎಸ್ತರಮ್ಮನಿಗೆ ದಿನ ಇಲ್ವಾ ಅಂತ ಕೇಳಿದ್ರು."

"ಎಸ್ತರ್ ಆಂಟಿ ಸ್ನಾನ ಮಾಡ್ತಾ ಇದ್ದಾರೆ," ಎಂದೆ.

"ಯಾವಾಗ ಮುಗೀತದೆ?"

"ಅವರಿಗೆ ಗಂಟಲು ಕಟ್ಟಿದೆ. ಮಾತಾಡ್ಲಿಕ್ಕೆ ಆಗೂದಿಲ್ಲ. ರೋಜಿ ಅಜ್ಜಿಗೆ ಅಂಟ್ತದೆ ಅಂತ ಎಂಟು ದಿನ ಆ ಕಡೆ ಬರೂದಿಲ್ಲ ಅಂದ್ರು."

"ಗಂಟಲು ಕಟ್ಟಿದ್ರೆ ಅಂದದ್ದು ಹೇಗೆ?"

ಉಳ್ಳಾಲದ ಹೆಂಗಸರ ಹತ್ತಿರ ಸುಳ್ಳು ಹೇಳುವಾಗ ಪೂರ್ವಸಿದ್ಧತೆ ಬೇಕು. "ಬರೆದು ತೋರಿಸಿದ್ರು," ಎಂದು ಬಾಗಿಲು ಮುಚ್ಚಿದೆ. ಒಳಗೆ ಲೀಲಾಕ್ಷಿ ಗೋಳಿಬಜೆಯ ತಟ್ಟೆ ಹಿಡಿದು ನಿಂತಿದ್ದಳು.

"ಈಗ ಎಂತ ಮಾಡ್ತೀರಿ?" ಎಂದಳು. "ನಾಳೆ ಎರಡು ಹಚ್ಚಿ ಸರಿ ಮಾಡಿ. ತಪ್ಪಾಯ್ತು ಅಂದ್ರೆ ಮುಗೀತು."

ಇಲ್ಲಿ ನನ್ನ ತರ್ಕವನ್ನು ಓದುಗರು ತಾಳ್ಮೆಯಿಂದ ಕೇಳಬೇಕು. ಇವತ್ತು ಎಂಟು ಹಚ್ಚಿ ನಾಳೆ ಎರಡಕ್ಕೆ ಇಳಿದರೆ, ಹಚ್ಚುತ್ತಿರುವವರು ಎಸ್ತರ್ ಆಂಟಿಯಲ್ಲ, ಯಾರೋ ತಿಳಿಯದವರು ಎಂಬುದು ರೋಜಿ ಅಜ್ಜಿಗೆ ಹೊಳೆದುಬಿಡುತ್ತದೆ. ಗುಟ್ಟು ರಟ್ಟಾಗುತ್ತದೆ. ಅದೇ ನಾಳೆ ಏಳು, ನಾಳಿದ್ದು ಆರು ಎಂದು ಇಳಿಸುತ್ತಾ ಹೋದರೆ, ಬೇಕೆಂದೇ ಮಾಡಿದಂತೆ ಕಾಣುತ್ತದೆ. ದಿನಕ್ಕೆ ಒಂದರ ವ್ಯತ್ಯಾಸ ಎಂದು ತಾನೇ ನಿಯಮ? ಮೆಟ್ಟಿಲು ಹತ್ತಿದರೂ ಇಳಿದರೂ ಮೆಟ್ಟಿಲುಗಳ ಸಂಖ್ಯೆ ಒಂದೇ. ಇದನ್ನು ನಾನು ವಿವರಿಸಿದಾಗ ಸುಪ್ರೀತಾ "ಓ ಮೈ ಗಾಡ್" ಎಂದಳು. ಅದನ್ನು ನಾನು ಮೆಚ್ಚುಗೆಯೆಂದೇ ತೆಗೆದುಕೊಂಡೆ.

ಬುಧವಾರ ಏಳು ಹಚ್ಚಿದೆ. ಆ ಹೊತ್ತಿಗೆ ಆಂಟಿಯ ಆಪರೇಷನ್ ಸುಖವಾಗಿ ಮುಗಿದಿತ್ತು. ಗುರುವಾರ ನೋಡಲು ಹೋದಾಗ ಅವರು ಮೊದಲು ಕೇಳಿದ್ದೇ ದೀಪದ ಬಗ್ಗೆ.

"ಎಲ್ಲ ಸರಿ ಇದೆ," ಎಂದೆ.

"ದಿನಕ್ಕೊಂದು ತಾನೇ?"

"ದಿನಕ್ಕೊಂದೇ ವ್ಯತ್ಯಾಸ," ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆಂಟಿ ನನ್ನ ತಲೆ ಸವರಿ, "ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗಿಂತ ನೀನೇ ಮೇಲು. ಅವನು ಲಂಡನ್ನಿನಲ್ಲಿ ಕೂತು, ಅಲ್ಲಿಗೇ ಬಂದುಬಿಡು, ಬಂದುಬಿಡು ಎಂದು ಫೋನಿನಲ್ಲಿ ತಲೆ ತಿನ್ನುತ್ತಾನೆ. ಗಂಡನ ಗೋರಿ ಇರುವ ಊರು ಬಿಟ್ಟು, ರೋಜಿಯನ್ನು ಬಿಟ್ಟು, ನಾನೆಲ್ಲಿಗೆ ಹೋಗಲಿ?" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಹೊಗಳಿಸಿಕೊಳ್ಳುವುದು ಆ ಹೊತ್ತಿಗೆ ಕಷ್ಟವಾಯಿತು.

ಆಮೇಲೆ ಅವರು ರೋಜಿ ಅಜ್ಜಿಗೆ ಫೋನು ಮಾಡಿದರು, ಮನೆಯಿಂದಲೇ ಮಾಡುತ್ತಿರುವಂತೆ, ನಾನು ಹೇಳಿಕೊಟ್ಟ ಹಾಗೆ ಗಂಟಲು ಒರಟು ಮಾಡಿಕೊಂಡು. ಸಂಭಾಷಣೆ ಅರಬ್ಬಿಯಲ್ಲಿತ್ತು. ಎಲ್ಲ ಚೆನ್ನಾಗಿ ನಡೆದಿತ್ತು, ಆದರೆ ನಡುವೆ ಆಸ್ಪತ್ರೆಯ ಧ್ವನಿವರ್ಧಕದಲ್ಲಿ ಹೆಂಗಸೊಬ್ಬಳು ಯಾರೋ ಡಾಕ್ಟರನ್ನು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಕರೆದಳು. ಆಂಟಿ ಫೋನನ್ನು ದಿಂಬಿನ ಕೆಳಗೆ ತುರುಕಿದರು.

"ರೋಜಿ ಏನೆಂದರು?" ಎಂದು ಕೇಳಿದೆ.

"ನಿನ್ನ ದೀಪ ನೋಡುತ್ತಿದ್ದೇನೆ ಎಂದಳು. ಚೆನ್ನಾಗಿದೆಯಾ ಎಂದೆ. ಬಹಳ ಚೆನ್ನಾಗಿದೆ ಎಂದಳು. ಎಂದೂ ಇಷ್ಟು ಮರ್ಯಾದೆಯಿಂದ ಮಾತಾಡಿದವಳಲ್ಲ. ಹುಷಾರಿಲ್ಲವೋ ಏನೋ."

ಆರು, ಐದು, ನಾಲ್ಕು. ದೀಪ ಕ್ರಮವಾಗಿ ಇಳಿಯಿತು. ಭಾನುವಾರ ಸಂಜೆ ಮೂರರ ಸರದಿ. ಆ ಮಧ್ಯಾಹ್ನ ನಮ್ಮ ಕಟ್ಟಡದ ಕಾವಲುಗಾರ ಮೊಯಿದಿನ್ ನನ್ನನ್ನು ಲಿಫ್ಟಿನ ಹತ್ತಿರ ತಡೆದ. ಅವನೂ ಉಳ್ಳಾಲದವನೇ, ರುಖಿಯಾಳಿಗೆ ದೂರದ ಸಂಬಂಧ.

"ಹರಿಯಣ್ಣ, ಎಸ್ತರಮ್ಮ ಲಂಡನ್ನಿಗೆ ಹೋಗೂದಂತೆ, ಹೌದಾ?"

"ಯಾರು ಹೇಳಿದ್ದು?"

"ರೋಜಿ ಅಜ್ಜಿ. ದೀಪ ದಿನಾ ಒಂದೊಂದು ಕಮ್ಮಿ ಆಗ್ತಾ ಉಂಟಲ್ಲ. ಹೊರಡ್ಲಿಕ್ಕೆ ಎಷ್ಟು ದಿನ ಉಂಟು ಅಂತ ಎಣಿಸೂದಂತೆ ಅದು. ಮೊನ್ನೆ ಫೋನಲ್ಲಿ ಹಿಂದಿನಿಂದ ಹೆಂಗಸು ಮೈಕಿನಲ್ಲಿ ಹೆಸರು ಕರೀತಿದ್ಳಂತೆ. ಏರ್‌ಪೋರ್ಟಲ್ಲಿ ಮಾತ್ರ ಹಾಗೆ ಕರೆಯೂದು, ಟಿಕೆಟ್ ಮಾಡ್ಲಿಕ್ಕೆ ಹೋಗಿದ್ದಾಳೆ ಅಂತ. ಅಜ್ಜಿ ಮೂರು ದಿನದಿಂದ ಊಟ ಸರಿ ಮಾಡೂದಿಲ್ಲ. ನನ್ನನ್ನು ಬಿಟ್ಟು ಹೋಗ್ತಾಳೆ, ಒಂದು ಮಾತು ಹೇಳ್ಲಿಲ್ಲ, ನನ್ನ ಮಣ್ಣಿಗೆ ಯಾರಿದ್ದಾರೆ ಅಂತ ರುಖಿಯಾಳ ಹತ್ರ ಅತ್ತರಂತೆ."

ನಾನು ಲಿಫ್ಟು ಹತ್ತುವುದನ್ನು ಮರೆತು ಮೆಟ್ಟಿಲು ಹತ್ತಿದೆ. ಇದುವರೆಗೆ ನಡೆದದ್ದೆಲ್ಲ ನನಗೆ ತಮಾಷೆಯಾಗಿಯೇ ಕಂಡಿತ್ತು. ಈಗ ಎಂಬತ್ತೆರಡರ ಹೆಂಗಸೊಬ್ಬರು ನನ್ನ ತರ್ಕದ ದೆಸೆಯಿಂದ ಊಟ ಬಿಟ್ಟಿದ್ದರು. ನಿಜ ಹೇಳಿದರೆ ಅಪಘಾತದ ಆಘಾತ, ಹೇಳದಿದ್ದರೆ ಅಗಲಿಕೆಯ ಆಘಾತ. ಹೃದಯವೋ ಒಂದೇ, ಅದೂ ಬಲವಿಲ್ಲದ್ದು. ಕ್ಲೊಟಿಲ್ಡಾರಿಗೆ ಫೋನು ಮಾಡಿದೆ. ಮಂಗಳವಾರ ಸಂಜೆಯ ಮೊದಲು ಬಿಡುಗಡೆ ಇಲ್ಲ ಎಂದರು. "ಎರಡು ದಿನ ಹೇಗಾದ್ರೂ ದೂಡಿ. ಮತ್ತೆ ಇನ್ನು ಬುದ್ಧಿ ಉಪಯೋಗಿಸ್ಬೇಡಿ. ಇಷ್ಟರವರೆಗೆ ಉಪಯೋಗಿಸಿದ್ದು ಸಾಕು," ಎಂದೂ ಹೇಳಿದರು.

ಈ ಸಲಹೆಯನ್ನು ಕೇಳಿದ್ದರೆ ಒಳ್ಳೆಯದಿತ್ತು. ಆದರೆ ಎಸ್ತರ್ ಆಂಟಿ ಮನೆಯಲ್ಲೇ ಇದ್ದಾರೆ, ಎಲ್ಲಿಗೂ ಹೋಗಿಲ್ಲ ಎಂಬುದು ಕಣ್ಣಾರೆ ಕಂಡರೆ ರೋಜಿ ಅಜ್ಜಿಗೆ ಸಮಾಧಾನವಾಗುತ್ತದೆ ಎಂದು ನನಗೆ ಹೊಳೆದುಬಿಟ್ಟಿತು. ಲೀಲಾಕ್ಷಿಗೂ ಆಂಟಿಗೂ ಮೈಕಟ್ಟು ಒಂದೇ. ಆಂಟಿಯ ಉಣ್ಣೆಯ ಶಾಲು ಹೊದ್ದು, ತಲೆಗೆ ಅವರ ಸ್ಕಾರ್ಫ್ ಕಟ್ಟಿ ಅರ್ಧ ಗಂಟೆ ಕಿಟಕಿಯಲ್ಲಿ ಕೂತರೆ ಆಯಿತು.

"ನಿಮಗೆ ಮರ್ಳಾ?" ಎಂದಳು ಲೀಲಾಕ್ಷಿ. ಆಮೇಲೆ ರೋಜಿ ಅಜ್ಜಿ ಊಟ ಬಿಟ್ಟದ್ದನ್ನು ಕೇಳಿ ಶಾಲು ಹೊದ್ದಳು. "ನಾನು ಸುಮ್ಮನೆ ಕೂತ್ರೆ ಆಯ್ತಲ್ಲ?"

"ಸುಮ್ಮನೆ ಕೂತರೆ ಸಾಕು."

ಲೀಲಾಕ್ಷಿಯನ್ನು ಮದುವೆಯಾಗಿ ಹದಿನಾರು ವರ್ಷವಾದರೂ ಅವಳಿಗೆ ಸುಮ್ಮನೆ ಕೂರಲು ಬರುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಐದು ನಿಮಿಷ ಕೂತಳು. ಆರನೆಯ ನಿಮಿಷಕ್ಕೆ ಮಡಿಲಿಗೆ ಅಲಸಂಡೆಯ ಕಟ್ಟು ಬಂದಿತ್ತು. ದೀಪದ ಬೆಳಕಿನಲ್ಲಿ ಒಂದೊಂದಾಗಿ ತೊಟ್ಟು ಮುರಿದು, ನಾರು ತೆಗೆದು, ಚಟಚಟನೆ ತುಂಡು ಮಾಡಿದಳು. ಕೆಲಸ ಮುಗಿದ ಮೇಲೆ ಎದ್ದು ನಿಂತು, ದೀಪಕ್ಕೆ ಎರಡೂ ಕೈ ಜೋಡಿಸಿ, ಕೆನ್ನೆ ಕೆನ್ನೆ ಮುಟ್ಟಿಕೊಂಡು ನಮಸ್ಕಾರ ಮಾಡಿ ಒಳಗೆ ಬಂದಳು.

"ಎಂತ? ದೀಪ ಕಂಡ್ರೆ ಕೈ ತನ್ನಷ್ಟಕ್ಕೆ ಹೋಗ್ತದೆ," ಎಂದಳು.

ಆಚೆ ಕಿಟಕಿಯ ಪರದೆ ಸರ್ರನೆ ಎಳೆದುಕೊಂಡಿತು. ಆ ದೀಪ ಉರಿಯುವಾಗ ಅದರ ಬೆಳಕಿನಲ್ಲಿ ಯಾವ ಕೆಲಸವನ್ನೂ ಮಾಡಬಾರದು, ಅದನ್ನು ನೋಡಬೇಕಷ್ಟೇ ಎಂಬ ನಿಯಮವಿದೆಯೆಂದು ಸುಪ್ರೀತಾ ಓದಿ ಹೇಳುವ ಹೊತ್ತಿಗೆ ಅಲಸಂಡೆ ಪಲ್ಯವಾಗಿತ್ತು.

ಸೋಮವಾರ ಎರಡು ದೀಪ. ಆಚೆ ಕಡೆಯಿಂದ ರುಖಿಯಾ ಬರಲಿಲ್ಲ, ಸುದ್ದಿಯೂ ಬರಲಿಲ್ಲ.

ಮಂಗಳವಾರ ನಾಲ್ಕು ಗಂಟೆಗೆ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಎಸ್ತರ್ ಆಂಟಿಯನ್ನು ಕಾಲು ಚಾಚಿ ಕೂರಿಸಿಕೊಂಡು ಸಲ್ಮಾನಿಯಾದಿಂದ ಹೊರಟೆ. ಡ್ಯೂಟಿ ಮುಗಿಸಿದ ಕ್ಲೊಟಿಲ್ಡಾ "ನಾನು ಬಾರದಿದ್ರೆ ನೀವು ಇವರನ್ನೂ ಬೀಳಿಸ್ತೀರಿ" ಎಂದು ಮುಂದೆ ಕೂತರು. ದಾರಿಯುದ್ದಕ್ಕೂ ನಾನು ತಪ್ಪೊಪ್ಪಿಗೆಯನ್ನು ಮನಸ್ಸಿನಲ್ಲಿ ಬರೆದು ಬರೆದು ಅಳಿಸುತ್ತಿದ್ದೆ. ನಮ್ಮ ಓಣಿಗೆ ತಿರುಗಿದರೆ ಎದುರಿಗೆ ಏಳೆಂಟು ಕಾರುಗಳು ಹಾರ್ನ್ ಹೊಡೆಯುತ್ತಾ ನಿಂತಿದ್ದವು. ಓಣಿಯ ನಟ್ಟನಡುವೆ ಒಂದು ಊಟದ ಮೇಜಿನ ಕುರ್ಚಿ. ಕುರ್ಚಿಯ ಮೇಲೆ ಕಪ್ಪು ಕೋಟು ತೊಟ್ಟು, ತಲೆ ಬಾಚಿಕೊಂಡು ರೋಜಿ ಅಜ್ಜಿ ಕೂತಿದ್ದರು. ಹಿಂದೆ ರುಖಿಯಾ, ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಮೊಯಿದಿನ್. ಎಸ್ತರ್ ಆಂಟಿಯ ಮನೆಯಲ್ಲಿ ಯಾರಿದ್ದಾರೆಂದು ಖುದ್ದು ನೋಡಲು ಹೊರಟ ಅಜ್ಜಿಯನ್ನು ಎರಡು ಮಹಡಿ ಇಳಿಸಿ ತಂದು, ರಸ್ತೆಯ ಅರ್ಧಕ್ಕೆ ಬಂದಾಗ ಅವನ ಸೊಂಟ ಹಿಡಿದುಕೊಂಡಿತ್ತು.

ಗಸ್ತಿನ ಪೊಲೀಸನೊಬ್ಬ ಗಾಡಿ ನಿಲ್ಲಿಸಿ ಇಳಿದ. ರೋಜಿ ಅಜ್ಜಿ ಅವನಿಗೆ ಅರಬ್ಬಿಯಲ್ಲಿ ಒಂದು ನಿಮಿಷ ಮಾತಾಡಿದರು. ಅವನು ಟೋಪಿ ಸರಿಮಾಡಿಕೊಂಡು ನಮ್ಮ ಕಾರಿನತ್ತ ಬಂದು ಉರ್ದುವಿನಲ್ಲಿ ಕೇಳಿದ:

"ಇಲ್ಲಿ ಹರಿ ಎಂದರೆ ಯಾರು? ಆ ತಾಯಿಯ ಫಿರ್ಯಾದು ಇದೆ. ಅವರ ತಮ್ಮನ ಹೆಂಡತಿಯನ್ನು ಲಂಡನ್ನಿಗೆ ಕಳಿಸಿ ಆ ಮನೆಯಲ್ಲಿ ಬೇರೆ ಹೆಂಗಸನ್ನು ಕೂರಿಸಿದ್ದೀರಂತೆ. ಆಕೆ ಪವಿತ್ರ ದೀಪದ ಬೆಳಕಿನಲ್ಲಿ ತರಕಾರಿ ಹೆಚ್ಚುತ್ತಾಳಂತೆ."

ಹಿಂದಿನ ಸೀಟಿನ ಗಾಜು ಇಳಿಯಿತು. "ರೋಜಿ!" ಎಂದು ಎಸ್ತರ್ ಆಂಟಿ ಕೂಗಿದರು.

ಹಾರ್ನುಗಳ ನಡುವೆಯೂ ರೋಜಿ ಅಜ್ಜಿಗೆ ಕೇಳಿಸಿತು. ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಮೂರು ವರ್ಷ ಹೊಸಿಲು ದಾಟದವರು ನಾಲ್ಕು ಹೆಜ್ಜೆ ನಡೆದು ಬಂದು ಕಾರಿನ ಬಾಗಿಲು ಹಿಡಿದುಕೊಂಡರು. ಕಾಲಿಗೆ ಸುತ್ತಿದ ಬ್ಯಾಂಡೇಜು ನೋಡಿದರು, ಆಸ್ಪತ್ರೆಯ ಚೀಟಿ ನೋಡಿದರು.

"ಬಿದ್ದದ್ದಾ?" ಎಂದರು. "ಬರೀ ಬಿದ್ದದ್ದಾ?"

"ಬರೀ ಬಿದ್ದದ್ದು," ಎಂದರು ಎಸ್ತರ್ ಆಂಟಿ ಅಳುತ್ತಾ.

"ಅಲ್‌ಹಮ್ದುಲಿಲ್ಲಾ," ಎಂದು ರೋಜಿ ಅಜ್ಜಿ ಆಕಾಶ ನೋಡಿದರು. ಎಲುಬು ಮುರಿದ ಸುದ್ದಿಗೆ ಇಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಅವರ ಹೃದಯಕ್ಕೆ ಏನೂ ಆಗಲಿಲ್ಲ. ನಾಡಿ ಹಿಡಿದ ಕ್ಲೊಟಿಲ್ಡಾ, "ನಮ್ಮೆಲ್ಲರಿಗಿಂತ ಗಟ್ಟಿ ಉಂಟು," ಎಂದರು.

ಆಮೇಲೆ ಕ್ಲೊಟಿಲ್ಡಾರ ಅಪ್ಪಣೆಯಂತೆ ಎಸ್ತರ್ ಆಂಟಿ ಗಾಲಿಕುರ್ಚಿಯಲ್ಲಿ ಲಿಫ್ಟಿನಲ್ಲಿ ಹೋದರು. ರೋಜಿ ಅಜ್ಜಿ ಲಿಫ್ಟನ್ನು ನಂಬುವವರಲ್ಲ. ಹಾಗಾಗಿ ಅವರ ಕುರ್ಚಿಯ ಎರಡು ಕಾಲು ನನಗೆ, ಎರಡು ಕಾಲು ಆ ಪೊಲೀಸನಿಗೆ ಬಂದವು. ಎರಡನೇ ಮಹಡಿ ತಲುಪುವಷ್ಟರಲ್ಲಿ ನಾನು ಹಿಂದಿಯಲ್ಲಿ, ಏದುಸಿರಿನಲ್ಲಿ, ಎಂಟರಿಂದ ಹಿಡಿದು ಅಲಸಂಡೆಯವರೆಗೆ ಎಲ್ಲವನ್ನೂ ಒಪ್ಪಿಕೊಂಡಿದ್ದೆ.

"ನಿಮ್ಮ ಹಬ್ಬ ಹಾಳು ಮಾಡಿದೆ. ಕ್ಷಮಿಸಿ," ಎಂದೆ, ಕುರ್ಚಿಯನ್ನು ಕಿಟಕಿಯ ಹತ್ತಿರ ಇಳಿಸುತ್ತಾ.

ರೋಜಿ ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಮೈ ಕುಲುಕಿಸಿ ನಗತೊಡಗಿದರು. ಕಣ್ಣೀರು ಬರುವ ತನಕ ನಕ್ಕರು.

"ಎಸ್ತರ್, ಕೇಳಿದೆಯಾ? ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಪಂಡಿತರಲ್ಲಿ ದೊಡ್ಡ ಜಗಳವಾಗಿತ್ತು. ಶಮ್ಮಾಯಿಯ ಶಿಷ್ಯರು ಎಂಟರಿಂದ ಶುರುಮಾಡಿ ಇಳಿಸಬೇಕು ಎಂದರು. ಹಿಲ್ಲೇಲನ ಶಿಷ್ಯರು ಒಂದರಿಂದ ಏರಿಸಬೇಕು ಎಂದರು. ಶಮ್ಮಾಯಿಯವರು ಸೋತರು. ಅಂದಿನಿಂದ ಅವರ ಮಾತು ಯಾರೂ ಕೇಳಲಿಲ್ಲ. ಪಾಪ, ಈಗ ಮಾಹೂಝಿನಲ್ಲಿ ಒಬ್ಬ ಸಿಕ್ಕಿದ!"

ನಾನು ಲೀಲಾಕ್ಷಿಯ ಮುಖ ನೋಡಿದೆ. ಪಂಡಿತರ ಬೆಂಬಲವಿದೆ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

"ಮತ್ತೆ, ನನ್ನ ಹಬ್ಬ ಹಾಳಾಗಲಿಲ್ಲ," ಎಂದರು ರೋಜಿ ಅಜ್ಜಿ, ನಗು ನಿಲ್ಲಿಸಿ. "ನನ್ನ ಕೈ ನಡುಗುತ್ತದೆ ಎಂದು ಮೂರು ವರ್ಷದಿಂದ ಇವರು ನನಗೆ ಬೆಂಕಿ ಕೊಟ್ಟಿಲ್ಲ. ಈ ಕಿಟಕಿಯ ದೀಪ ನೋಡಿಕೊಂಡೇ ನಾನು ಪ್ರಾರ್ಥನೆ ಹೇಳುವುದು. ನೋಡಿದವರೂ ಹೇಳಬಹುದು ಎಂದು ನಮ್ಮಲ್ಲಿದೆ. ಏಳು ದಿನವೂ ನಿನ್ನ ದೀಪ ನೋಡಿ ಹೇಳಿದ್ದೇನೆ. ಸಿಟ್ಟಿನಲ್ಲೇ ಹೇಳಿದೆ, ಆದರೂ ಒಂದು ದಿನ ತಪ್ಪಲಿಲ್ಲ. ನೀನು ಹಚ್ಚದೆ ಇದ್ದಿದ್ದರೆ ನಾನೇನು ನೋಡಬೇಕಿತ್ತು?"

"ತಪ್ಪು ದೀಪವಾಗಿತ್ತಲ್ಲ ಅಜ್ಜಿ."

"ಉರಿಯುತ್ತಿತ್ತಲ್ಲ," ಎಂದರು.

ಎಸ್ತರ್ ಆಂಟಿ ಗಾಲಿಕುರ್ಚಿಯಲ್ಲಿ ಕೂತೇ ಮೇಲಿನ ದೀಪವನ್ನು ಮೊದಲು ಹಚ್ಚಿಕೊಂಡು, ಅದರಿಂದ ಎಂಟನ್ನೂ ಹಚ್ಚಿದರು. ಇಬ್ಬರೂ ಸೇರಿ ಹಾಡಿದರು. ಲೀಲಾಕ್ಷಿ ಕರಿದ ಗೋಳಿಬಜೆಯನ್ನು ರೋಜಿ ಅಜ್ಜಿ ನಾಲ್ಕು ತಿಂದು, ಐದನೆಯದಕ್ಕೆ ಕೈಹಾಕಿದರು. ಬಾಗ್ದಾದಿನ ಅವರ ಅಜ್ಜಿ ಈ ಹಬ್ಬಕ್ಕೆ ಜಿಲೇಬಿಯಂಥದ್ದನ್ನು ಕರಿಯುತ್ತಿದ್ದರಂತೆ, ಅದಕ್ಕಿಂತ ಇದು ಕಡಿಮೆಯೇನಲ್ಲ ಎಂದರು. ಆ ಪೊಲೀಸನೂ ಎರಡು ತಿಂದು, ಫಿರ್ಯಾದು ಖಲಾಸ್ ಎಂದು ಹೇಳಿ ಹೋದ. ದೂರದ ಊರಿನಲ್ಲಿ ಬದುಕುವವನಿಗೆ ಸಂಬಳ ಸಿಗುತ್ತದೆ, ಮನೆ ಸಿಗುತ್ತದೆ, ಹೀಗೆ ಬೈಯುವ ಹಿರಿಯರು ಸುಮ್ಮನೆ ಸಿಗುವುದಿಲ್ಲ. ನನಗೆ ಸಿಕ್ಕಿದ್ದರು. ಆ ಸಂಜೆ ಅದಕ್ಕಾಗಿ ನನ್ನ ಎದೆ ತುಂಬಿ ಬಂತು.

ರೋಜಿ ಅಜ್ಜಿ ಮಾತ್ರ ದೀಪ ಬಿಟ್ಟು ಹೊರಗೆ ನೋಡುತ್ತಿದ್ದರು. ಓಣಿಯಾಚೆ ಅವರ ಸ್ವಂತ ಕಿಟಕಿ ಕಪ್ಪಾಗಿ ಕಾಣುತ್ತಿತ್ತು.

"ಇಲ್ಲಿಂದ ನನ್ನ ಮನೆ ನೋಡಿಯೇ ಇರಲಿಲ್ಲ," ಎಂದರು. "ಎಷ್ಟು ಕತ್ತಲೆ, ಅಲ್ಲವಾ ಎಸ್ತರ್?"

ನಾನು ಎದ್ದು ನಮ್ಮ ಮನೆಗೆ ಹೋಗಿ, ಲೀಲಾಕ್ಷಿ ಕಪಾಟಿನಲ್ಲಿಟ್ಟಿದ್ದ ಮಣ್ಣಿನ ಹಣತೆಗಳ ಡಬ್ಬ ತಂದು ರೋಜಿ ಅಜ್ಜಿಯ ಮುಂದೆ ನಿಂತೆ.

"ಅಜ್ಜಿ, ಎಷ್ಟು ಹಚ್ಚಲಿ?" ಎಂದು ಕೇಳಿದೆ.

ಅವರು ನಿಧಾನವಾಗಿ ಹೇಳಿಕೊಟ್ಟರು. ಎಂಟು ಒಂದೇ ಸಾಲಿನಲ್ಲಿ, ಒಂದು ಸ್ವಲ್ಪ ಎತ್ತರದಲ್ಲಿ. ಎತ್ತರದ್ದು ಮೊದಲು. ಆಮೇಲೆ ಎಡಗಡೆಯಿಂದ. ನಾನು ನಡುವೆ ಬಾಯಿ ಹಾಕಲಿಲ್ಲ. ಪೂರ್ತಿ ಕೇಳಿ, ಕೇಳಿದ್ದನ್ನು ಮತ್ತೊಮ್ಮೆ ಒಪ್ಪಿಸಿ, ರುಖಿಯಾಳೊಂದಿಗೆ ಮೆಟ್ಟಿಲಿಳಿದೆ.

ಆಚೆ ಮನೆಯ ಕಿಟಕಿಯ ಕಟ್ಟೆಯ ಮೇಲೆ ಹಣತೆಗಳನ್ನು ಸಾಲಾಗಿಟ್ಟೆ. ಎತ್ತರಕ್ಕೆಂದು ರುಖಿಯಾ ಒಂದು ಲೋಟ ಬೋರಲು ಹಾಕಿ ಕೊಟ್ಟಳು. ಒಂದೊಂದಾಗಿ ಹಚ್ಚಿ ಮೂರು ಸಲ ಎಣಿಸಿದೆ. ಅವಳು ಕೋಣೆಯ ಟ್ಯೂಬ್‌ಲೈಟ್ ಆರಿಸಿದಳು. ಓಣಿಯಾಚೆ, ಎಂಟು ದೀಪಗಳ ಹಿಂದೆ, ಇಬ್ಬರು ಮುದುಕಿಯರ ಮುಖ ಕಾಣುತ್ತಿತ್ತು. ರೋಜಿ ಅಜ್ಜಿ ತನ್ನ ಕಿಟಕಿಯನ್ನು ನೋಡುತ್ತಾ ನಡುಗುವ ಎರಡೂ ಕೈ ಎತ್ತಿದರು. ತುಟಿ ಅಲುಗತೊಡಗಿತು.

"ಆಮೆನ್ ಈಗ ಹೇಳೂದಾ, ಅವರದ್ದು ಮುಗಿದ ಮೇಲಾ?" ಎಂದು ಪಿಸುದನಿಯಲ್ಲಿ ರುಖಿಯಾಳನ್ನು ಕೇಳಿದೆ.

"ನಂಗೆಂತ ಗೊತ್ತು ಅಣ್ಣ? ನಮ್ಮಲ್ಲಿ ದುವಾ ಮುಗಿದ ಮೇಲೆ ಆಮೀನ್ ಹೇಳೂದು."

ನಾವಿಬ್ಬರೂ ಕಾದೆವು. ರೋಜಿ ಅಜ್ಜಿಯ ಕೈಗಳು ಕೆಳಗಿಳಿದ ಮೇಲೆ ಒಟ್ಟಿಗೇ ಹೇಳಿದೆವು.